ಎಡಗೈ ಮಾತ್ರ

ವಿಲಾ ಸುಕುರಿ, ಸಾವೊ ಪಾವ್ಲೊ
8 ಮಾರ್ಚ್ 1998

ವಾಲ್ದೊ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಹೊಟ್ಟೆಯಲ್ಲಿರುವುದನ್ನು ಕಾರಿಕೊಳ್ಳುತ್ತೇನೆ, ಇಲ್ಲದಿದ್ದರೆ ನನಗೆ ಊಟ ಸೇರುವುದಿಲ್ಲ.

ನಿನ್ನೆ ಸಂತೆಯಲ್ಲಿ ನಮ್ಮ ಪಾಸ್ತೆಲ್ ಅಂಗಡಿಯ ಮುಂದೆ ಯಾರು ಬಂದು ನಿಂತರು ಗೊತ್ತೇ? ತಕಾಮೊರಿ! ಜಪಾನಿ ಸಂಘದ ಅಧ್ಯಕ್ಷ. ಅಪ್ಪ ಈ ಅಂಗಡಿ ಇಟ್ಟ ದಿನದಿಂದ ಆ ಮನೆಯವರು ಒಬ್ಬರೂ ನಾವು ಕರಿದದ್ದನ್ನು ಬಾಯಿಗೆ ಇಟ್ಟವರಲ್ಲ. ಒಕಿನಾವಾದವರ ಎಣ್ಣೆ ಹಂದಿ ನಾತ ಹೊಡೆಯುತ್ತದೆ ಎಂದು ಮೂಗು ಮುಚ್ಚಿಕೊಂಡು ಆಚೆ ಸಾಲಿನಲ್ಲಿ ಹೋಗುತ್ತಿದ್ದ ಜನ. ನಿನ್ನೆ ನೋಡಿದರೆ ಆತ ನಿಂತಲ್ಲೇ ಮಾಂಸ ತುಂಬಿ ಕರಿದ ಪಾಸ್ತೆಲ್ ತಿಂದ, ಮೇಲೆ ಕಬ್ಬಿನ ಹಾಲು ಕುಡಿದ, ಬೆರಳು ನೆಕ್ಕಿಕೊಂಡ. ನನಗೆ ಆ ಬೆರಳು ನೋಡಿಯೇ ವಾಕರಿಕೆ ಬಂತು.

"ಇಲ್ದಾ ಅವ್ರೇ, ನಮ್ಮೋರು ಬ್ರೆಜಿಲ್‌ಗೆ ಬಂದು ಜೂನ್‌ಗೆ ತೊಂಬತ್ತು ವರ್ಷ ತುಂಬುತ್ತೆ. ಕಾನ್ಸುಲ್ ಸಾಹೇಬ್ರು ಬರ್ತಾರೆ, ಜಪಾನಿಂದ ಅತಿಥಿಗಳು ಬರ್ತಾರೆ. ಈಗ ಊರಿಗೆಲ್ಲ ಹಿರಿಯರು ಅಂದ್ರೆ ನಿಮ್ಮಜ್ಜೀನೇ. ವೇದಿಕೆ ಮೇಲೆ ಕೂರಿಸಿ ಸನ್ಮಾನ ಮಾಡ್ಬೇಕು ಅಂತಿದೀವಿ" ಎಂದ.

"ಯಾವ ಅಜ್ಜಿ? ನಿಮ್ಮ ಸಂಘದ ಹಿಂದಿನ ಅಡಿಗೆಮನೇಲಿ ಅಕ್ಕಿ ತೊಳೀತಾ ಇರ್ತಿದ್ರಲ್ಲ, ಆ ಅಜ್ಜೀನಾ?" ಎಂದೆ.

ಹಲ್ಲು ಕಿರಿದ. "ನಿಮ್ ತಮಾಷೆ ನೀವು ಬಿಡಲ್ಲ ನೋಡಿ! ಒಂದೇ ಒಂದು ವಿಷ್ಯ. ಕೈಗವಸು ಹಾಕಿಸಿ ಕರ್ಕೊಂಡ್ಬನ್ನಿ. ಬಿಳೀದು ಇದೆಯಲ್ಲ ಅವ್ರ ಹತ್ರ, ಅದು. ಆ ಕೈ ನೋಡಿ ಅತಿಥಿಗಳಿಗೆ ಒಂಥರಾ ಆಗ್ಬಾರ್ದು, ಅಷ್ಟೇ."

ಕುದಿಯುವ ಎಣ್ಣೆ ನನ್ನ ಕೈಯಳತೆಯಲ್ಲೇ ಇತ್ತು. ಆತನ ಪುಣ್ಯ, ನಾನು ಮುಂದಿನ ಪಾಸ್ತೆಲ್ ಎಣ್ಣೆಗೆ ಬಿಟ್ಟೆ. ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ನೀಲಿ ಹಚ್ಚೆ ಇದ್ದರೆ ಏನಾಯಿತು? ಒಕಿನಾವಾದಲ್ಲಿ ಅಜ್ಜಿಯ ಕಾಲದ ಹೆಣ್ಣುಮಕ್ಕಳಿಗೆಲ್ಲ ಇತ್ತು. ಇಲ್ಲಿ ಬಂದ ಮೇಲೆ ತಾನೇ ಜಪಾನಿನ ದೊಡ್ಡ ದ್ವೀಪಗಳಿಂದ ಬಂದ ಈ ತಕಾಮೊರಿಯಂಥವರು ಅದನ್ನು ಕಾಡುಜನರ ಗುರುತು ಎಂದದ್ದು? ಹಬ್ಬ ಬಂದರೆ ಅಜ್ಜಿ ಹಿಂದಿನ ಅಡಿಗೆಮನೆಯಲ್ಲಿ, ಆ ಕೆಂಪು ಹೂವಿನ ಎನಾಮಲ್ ಬೇಸಿನ್ನಿನ ಮುಂದೆ. ಅವರ ಹೆಂಗಸರು ಮುಂದಿನ ಹಜಾರದಲ್ಲಿ, ಬೀಸಣಿಗೆ ಹಿಡಿದುಕೊಂಡು. ನಾನು ನೋಡಿಕೊಂಡೇ ಬೆಳೆದಿದ್ದೇನೆ.

ಅಜ್ಜಿಗೆ ಹೇಳಿದೆ. "ನೋಡೋಣ" ಎಂದಳು. ನಾನಂತೂ ಕಳಿಸುವುದಿಲ್ಲ. ಸಾಯುವ ಮೊದಲು ಅವಳಿಗೆ ಇನ್ನೊಂದು ಸಲ ಅವಮಾನವಾಗಬಾರದು. ನನಗೆ ಬೇಕಾಗಿರುವುದು ಇಷ್ಟೇ. ನೀನೂ ಬೇಡವೆಂದು ಒಂದು ಮಾತು ಬರೆ.

ಇಲ್ದಾ


ಓಯಿಜುಮಿ, ಜಪಾನ್
29 ಮಾರ್ಚ್ 1998

ಪ್ರೀತಿಯ ಇಲ್ದಕ್ಕ,

ನಿನ್ನ ಕಾಗದ ಓದಿ ನಗು ಬಂತು. ಸಿಟ್ಟು ಮಾಡಿಕೊಳ್ಳಬೇಡ. ಎಣ್ಣೆಯ ಮುಂದೆ ನಿಂತು ನಿಂತು ನಿನ್ನ ತಲೆಯೂ ಕಾದಿದೆ.

ಕರೆಯಬೇಕಾದವರು ತಡವಾಗಿಯಾದರೂ ಕರೆದಿದ್ದಾರೆ. ಹೋಗಲಿ ಬಿಡು. ಕೈಗವಸಿಗೆ ಇಷ್ಟು ರಂಪ ಯಾಕೆ? ಅದು ಅಜ್ಜಿಗೆ ಮೊದಲಿನಿಂದಲೂ ಇಷ್ಟವಲ್ಲವೇ? ನಮ್ಮ ಬೀದಿಯಲ್ಲಿ ಬಿಳಿ ಕೈಗವಸು ತೊಟ್ಟು ಓಡಾಡುತ್ತಿದ್ದ ಹೆಂಗಸು ಅಂದರೆ ಅವಳೊಬ್ಬಳೇ. "ನಮ್ಮಜ್ಜಿ ದೊಡ್ಡ ಮನೆತನದೋಳು, ಕೈಗವಸಿಲ್ದೆ ಹೊರಗೆ ಕಾಲಿಡಲ್ಲ" ಎಂದು ನಾನು ಶಾಲೆಯಲ್ಲಿ ಜಂಬ ಕೊಚ್ಚುತ್ತಿದ್ದೆ. ಜೊತೆಗೆ ಬಲಗೈಯಲ್ಲಿ ಆ ಸುಟ್ಟ ಗಾಯ ಬೇರೆ. ಸೋಪು ಕಾಯಿಸುವಾಗ ಆದದ್ದು ಎಂದು ಅಪ್ಪ ಹೇಳುತ್ತಿದ್ದ, ನೆನಪಿದೆಯಾ? ಹೆಂಗಸರು ಗಾಯ ಮುಚ್ಚಿಕೊಳ್ಳುವುದು ಸಹಜ ತಾನೇ.

ಇಲ್ಲಿನ ಸುದ್ದಿ ಏನೂ ಇಲ್ಲ. ಅದೇ ಕಾರ್ಖಾನೆ, ಅದೇ ಕಾರಿನ ಬಾಗಿಲು. ನನ್ನ ಮುಖ ಜಪಾನಿಯದು, ಬಾಯಿ ತೆರೆದರೆ ಕೆಟ್ಟಿತು. ಮೇಸ್ತ್ರಿ "ಏ ಬ್ರೆಜಿಲ್" ಎಂದೇ ಕರೆಯುತ್ತಾನೆ. ನನಗೆ ಯಾಬಿಕು ಎಂದೊಂದು ಮನೆತನದ ಹೆಸರಿದೆ ಎನ್ನುವುದು ಅವನಿಗೆ ಗೊತ್ತಿಲ್ಲ. ಹೋದ ಭಾನುವಾರ ಬಿಸಿನೀರಿನ ಸ್ನಾನದ ಮನೆಗೆ ಹೋಗಿದ್ದೆ. ಬಾಗಿಲಲ್ಲಿ ದೊಡ್ಡ ಬೋರ್ಡು: ಹಚ್ಚೆ ಇರುವವರಿಗೆ ಪ್ರವೇಶವಿಲ್ಲ. ಅಜ್ಜಿ ಇಲ್ಲಿಗೆ ಬಂದಿದ್ದರೆ ಹೊರಗೇ ಕೂರಬೇಕಿತ್ತು ಅನ್ನಿಸಿತು.

ಎಲ್ಲರೂ ಹಾಗಿಲ್ಲ ಮತ್ತೆ. ಒಕಿನಾವಾದವರು ಸೇರುವ ಒಂದು ಕೂಟದಲ್ಲಿ ಒಬ್ಬ ದೊಡ್ಡ ಮನುಷ್ಯರ ಪರಿಚಯವಾಯಿತು. ತುಂಬಾ ಓದಿದವರು. ಅಜ್ಜಿಯ ಬಗ್ಗೆ ಬಹಳ ಕೇಳಿದರು. ಚಹಾ ಕುಡಿಸಿದರು.

ಕರೆದುಕೊಂಡು ಹೋಗು, ಅಕ್ಕ. ಒಳ್ಳೆಯದೇ ಆಗುತ್ತದೆ.

ನಿನ್ನ ತಮ್ಮ
ಒಸ್ವಾಲ್ದೊ


ವಿಲಾ ಸುಕುರಿ
19 ಏಪ್ರಿಲ್ 1998

ವಾಲ್ದೊ,

ನಗು ಬಂತಾ? ನಗು. ಈಗ ಇನ್ನೂ ನಗು ಬರುವಂಥದ್ದು ಹೇಳುತ್ತೇನೆ.

ತಕಾಮೊರಿ ಮತ್ತೆ ಬಂದಿದ್ದ. ಈ ಸಲ ಮನೆಗೇ. ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ. ಅಜ್ಜಿ ಟೀವಿ ಧಾರಾವಾಹಿ ನೋಡುತ್ತಿದ್ದಳು, ತಿರುಗಿಯೂ ನೋಡಲಿಲ್ಲ.

"ಇಲ್ದಾ ಅವ್ರೇ, ಕೈಗವಸು ಬೇಡ!" ಎಂದ, ಏನೋ ವರ ಕೊಡುವವನ ಹಾಗೆ.

"ಯಾಕೆ? ಅತಿಥಿಗಳಿಗೆ ಒಂಥರಾ ಆಗಲ್ವಾ?"

"ಅಯ್ಯೋ, ಅತಿಥಿಗಳಿಗೆ ಅದೇ ಬೇಕಂತೆ! ಜಪಾನಿಂದ ಪತ್ರ ಬಂದಿದೆ. ಅಂಥ ಕೈ ಒಕಿನಾವಾದಲ್ಲೂ ಇನ್ನೊಂದು ಉಳಿದಿಲ್ವಂತೆ. ಅದು ನಮ್ಮ ಪರಂಪರೆ ಅಲ್ವಾ! ವೇದಿಕೆ ಮೇಲೆ ಬರಿಗೈ ತೋರಿಸ್ಲಿ, ಫೋಟೊ ತೆಗೀತಾರೆ."

ನಮ್ಮ ಪರಂಪರೆ! ಕೇಳಿದೆಯಾ? ಮೊನ್ನೆಯವರೆಗೆ ಹಂದಿಯವರ ಗುರುತು, ಜಪಾನಿನಿಂದ ಒಂದು ಪತ್ರ ಬಂದ ಕೂಡಲೇ "ನಮ್ಮ" ಪರಂಪರೆ. ಈ ಮನುಷ್ಯನಿಗೆ ನಾಲಿಗೆ ಅನ್ನುವುದು ಇದೆಯೋ ಇಲ್ಲ ಅದೂ ಕೈಗವಸಿನ ಹಾಗೆ ಹಾಕಿ ತೆಗೆಯುವಂಥದ್ದೋ?

ಇನ್ನೂ ಮುಗಿಯಲಿಲ್ಲ. ಸಂಘದಲ್ಲಿ ಹುಡುಗಿಯರಿಗೆ ಒಕಿನಾವಾ ಕುಣಿತ ಕಲಿಸುತ್ತಿದ್ದಾರೆ. ತಕಾಮೊರಿಯ ಹೆಂಡತಿ ಸ್ಕೆಚ್ ಪೆನ್ ಹಿಡಿದು ಒಬ್ಬೊಬ್ಬಳ ಕೈಮೇಲೂ ನೀಲಿ ಚುಕ್ಕಿ, ನೀಲಿ ಬಾಣ ಬರೆಯುತ್ತಿದ್ದಳು. "ಎಷ್ಟು ಮುದ್ದಾಗಿದೆ ಅಲ್ವಾ ಇಲ್ದಾ? ಸೋಪ್ ಹಾಕಿದ್ರೆ ಹೋಗ್ಬಿಡುತ್ತೆ, ಭಯ ಇಲ್ಲ" ಎಂದಳು. ನಾನು ಹೊರಗೆ ಬಂದು ಚರಂಡಿಯ ಪಕ್ಕದಲ್ಲಿ ನಿಂತು ಉಗಿದೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಸಂಘದವರು ಕರಪತ್ರ ಹೊರಡಿಸಿದ್ದಾರೆ. ಮುಖಪುಟದ ತುಂಬ ಒಂದು ಕೈ. ನಮ್ಮಜ್ಜಿಯ ಎಡಗೈ. ತೊಡೆಯ ಮೇಲೆ ಹುರುಳಿಕಾಯಿ, ನೀಲಿ ಗೀಟಿನ ಏಪ್ರನ್ನು. ನೀನು ಜಪಾನಿಗೆ ಹೊರಡುವ ಮುನ್ನ ಹಿತ್ತಲಲ್ಲಿ ತೆಗೆದ ಫೋಟೊ ಅದು. ಅದಿದ್ದದ್ದು ನಿನ್ನ ಹತ್ತಿರ ಮಾತ್ರ. ಆ ಫೋಟೊದಲ್ಲಿ ಎರಡು ಕೈ ಇತ್ತು, ವಾಲ್ದೊ. ಗಾಯದ ಕೈ ಅಂದವಾಗಿಲ್ಲ ಎಂದು ಕತ್ತರಿಸಿ ಬಿಸಾಕಿದ್ದಾರೆ.

ಚಹಾ ಚೆನ್ನಾಗಿತ್ತಾ?

ಇಲ್ದಾ


ಓಯಿಜುಮಿ
7 ಮೇ 1998

ಅಕ್ಕ,

ಹೌದು, ಕೊಟ್ಟೆ. ಪೂರ್ತಿ ಫೋಟೊ ಕೊಟ್ಟಿದ್ದೆ. ಕತ್ತರಿಸಿದ್ದು ನಾನಲ್ಲ.

ಕದ್ದು ಮಾರಿಕೊಂಡವನ ಹಾಗೆ ಬರೆದಿದ್ದೀಯಲ್ಲ, ಒಂದು ಮಾತು ಕೇಳು. ಈ ದೇಶಕ್ಕೆ ಬಂದು ಏಳು ವರ್ಷವಾಯಿತು. ನಮ್ಮ ಮನೆಯ ಏನನ್ನಾದರೂ ನೋಡಿ ಒಬ್ಬ ಮನುಷ್ಯ "ಎಷ್ಟು ಚೆನ್ನಾಗಿದೆ" ಎಂದದ್ದು ಅದೇ ಮೊದಲು. ಅವರು ಫೋಟೊವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು, ಅಕ್ಕ. ಕಣ್ಣಲ್ಲಿ ನೀರು ತಂದುಕೊಂಡರು. ಕೇಳಿದರು, ಕೊಟ್ಟೆ. ವಿಲಾ ಸುಕುರಿಯ ಸಂಘದ ವಿಳಾಸವನ್ನೂ ನಾನೇ ಕೊಟ್ಟೆ. ಅವರೇ ಜೂನ್‌ನಲ್ಲಿ ಬರುತ್ತಿರುವುದು. ಒಕಿನಾವಾದ ಹಚ್ಚೆಗಳ ಫೋಟೊ ಪ್ರದರ್ಶನವೊಂದನ್ನು ಏರ್ಪಡಿಸುತ್ತಿದ್ದಾರಂತೆ.

ನಿನಗೆ ಎಲ್ಲದರಲ್ಲೂ ಹೇಸಿಗೆಯೇ ಕಾಣುತ್ತದೆ. ಮುಚ್ಚು ಎಂದರೂ ತಪ್ಪು, ತೋರಿಸು ಎಂದರೂ ತಪ್ಪು. ಹಾಗಾದರೆ ಅವರು ಏನು ಮಾಡಬೇಕು? ಒಳ್ಳೆಯ ದಿನ ಬಂದರೂ ಬಾಗಿಲು ಹಾಕಿಕೊಂಡು ಕೂರುತ್ತೀಯ. ಅಜ್ಜಿಯನ್ನೇ ಕೇಳು, ಅವಳಿಗೆ ಸಂತೋಷವಾಗಬಹುದು. ನೀನು ಅವಳನ್ನು ಕೇಳಿದ್ದೀಯಾ?

ಒಸ್ವಾಲ್ದೊ


ವಿಲಾ ಸುಕುರಿ
20 ಮೇ 1998

ವಾಲ್ದೊ,

ಕೇಳಿದೆ. ನೀನು ಹೇಳಿದೆ ಅಂತಲೇ ಕೇಳಿದೆ. ಈಗ ಅನುಭವಿಸು, ನಾನೂ ಅನುಭವಿಸುತ್ತಿದ್ದೇನೆ.

ಕರಪತ್ರ ಅವಳ ಮುಂದಿಟ್ಟು, "ಅಜ್ಜಿ, ನಿಂಗೆ ಹೋಗೋಕೆ ಇಷ್ಟ ಇದೆಯಾ? ಬೇಡ ಅಂದ್ರೆ ನಾನೇ ಹೋಗಿ ಮುಖಕ್ಕೆ ಉಗಿದು ಬರ್ತೀನಿ" ಎಂದೆ.

"ಧಾರಾವಾಹಿ ಮುಗೀಲಿ, ಇರು" ಎಂದಳು. ಮುಗಿದ ಮೇಲೆ ಕನ್ನಡಕ ಹಾಕಿಕೊಂಡು ಕರಪತ್ರವನ್ನು ಹಿಂದೆ ಮುಂದೆ ತಿರುಗಿಸಿದಳು. "ಇನ್ನೊಂದು ಕೈ ಎಲ್ಲಿ ಹೋಯ್ತು?" ಎಂದಳು.

"ಕತ್ತರಿಸಿದಾರೆ. ಸೋಪಿನ ಗಾಯ ಕಾಣುತ್ತಲ್ಲ, ಅದಕ್ಕೆ."

"ಸೋಪಿನ ಗಾಯ ಅಲ್ಲ ಅದು" ಎಂದಳು. ಆಮೇಲೆ ಕಾಫಿಗೆ ಎರಡು ಚಮಚ ಸಕ್ಕರೆ ಜಾಸ್ತಿ ಹಾಕಿಸಿಕೊಂಡು ಹೇಳಿದಳು. ಅವಳು ಹೇಳಿದ ಹಾಗೇ ಬರೆಯುತ್ತೇನೆ.

"ನಿಮ್ಮಪ್ಪಂಗೆ ಏಳು ವರ್ಷ. ಸಂಘದ ಸ್ಕೂಲಿಗೆ ಸೇರಿಸ್ಕೊಳ್ಳಿ ಅಂತ ಕೇಳೋಕೆ ಹೋದೆ. ಆಗ ಹೆಂಗಸ್ರಿಗೆಲ್ಲ ದೊಡ್ಡೋಳು ತಕಾಮೊರಿ ಸುಮಿ, ಈಗಿನ ಅಧ್ಯಕ್ಷನ ತಾಯಿ. 'ನಿನ್ನ ಮಗ ಬರ್ಲಿ, ಆದ್ರೆ ನೀನು ಆ ಕೈ ಹೊತ್ಕೊಂಡು ದಿನಾ ಬಿಡೋಕೆ ಬಂದ್ರೆ ನಮ್ಮ ಮಕ್ಕಳು ಹೆದರ್ತಾರೆ. ಬ್ರೆಜಿಲ್‌ನೋರು ನಮ್ಮನ್ನೆಲ್ಲ ಕಾಡುಜನ ಅಂತಾರೆ. ತೊಳ್ಕೊಂಡು ಬಾ' ಅಂದ್ಳು. ತೊಳೆದ್ರೆ ಹೋಗುತ್ತಾ ಅದು? ಆವತ್ತು ಅಡಿಗೆಮನೇಲಿ ಸೋಪು ಮಾಡ್ತಿದ್ರು. ಕಾಸ್ಟಿಕ್ ಸೋಡಾ ಕಲಸಿ ಇಟ್ಟಿದ್ರು, ಆ ಹೂವಿನ ಬೇಸಿನ್ನಲ್ಲಿ. 'ಇದ್ರಲ್ಲಿ ಹೋಗುತ್ತೆ, ಸ್ವಲ್ಪ ಹೊತ್ತು ತಡ್ಕೊ' ಅಂತ ನನ್ನ ಮಣಿಕಟ್ಟು ಹಿಡಿದು ಅದ್ದಿದ್ಳು. ನಾನೂ ಕೈ ಎಳ್ಕೊಳ್ಲಿಲ್ಲ. ಮಗ ಓದ್ಲಿ ಅಂತ. ಚರ್ಮ ಹೋಯ್ತು ಕಣೆ. ಹಚ್ಚೆ ಪೂರ್ತಿ ಹೋಗ್ಲಿಲ್ಲ."

"ಎಡಗೈ?" ಎಂದೆ.

"ಅದು ಕೊಡ್ಲಿಲ್ಲ. ಎಷ್ಟು ಬೈದ್ರೂ ಕೊಡ್ಲಿಲ್ಲ. ಸತ್ತ ಮೇಲೆ ಆ ಲೋಕದಲ್ಲಿ ನಮ್ಮಮ್ಮ ಹಚ್ಚೆ ಕೈ ನೋಡಿ ತಾನೇ ಗುರುತು ಹಿಡೀಬೇಕು? ಒಂದಾದ್ರೂ ಇರ್ಲಿ ಅಂತ. ಮಾರನೇ ದಿನ ಸುಮಿ ತನ್ನ ಕೈಗವಸು ತಂದ್ಕೊಟ್ಳು. ಹಾಕ್ಕೊಂಡೆ. ನಿಮ್ಮಪ್ಪನ್ನ ಸೇರಿಸ್ಕೊಂಡ್ರು."

ಇದೇ ನೀನು ಜಂಬ ಕೊಚ್ಚುತ್ತಿದ್ದ ಕೈಗವಸು, ವಾಲ್ದೊ. ಸೋಪಿಗೆ ಕೊಬ್ಬು ಎಲ್ಲಿಂದ ಬರುತ್ತಿತ್ತು ಗೊತ್ತಾ? ನಮ್ಮವರು ಸಾಕುತ್ತಿದ್ದ ಹಂದಿಗಳದ್ದು. ವಾಸನೆ ಎಂದು ಮೂಗು ಮುಚ್ಚಿಕೊಂಡವರು ಅದರಲ್ಲೇ ಮೈ ತೊಳೆದುಕೊಂಡರು. ಆ ಬೇಸಿನ್ನು ಇನ್ನೂ ಅಲ್ಲೇ ಇದೆ. ಈ ಜಿಪುಣರು ಒಂದು ಚಮಚವನ್ನೂ ಎಸೆದವರಲ್ಲ. ನಾನು ಎಷ್ಟು ಸಲ ಅದರಲ್ಲಿ ತೊಳೆದ ಸೊಪ್ಪು ತಿಂದಿದ್ದೇನೋ. ಮೂರು ದಿನದಿಂದ ನನಗೆ ಏನೂ ಸೇರುತ್ತಿಲ್ಲ.

ಇದನ್ನೆಲ್ಲ ಹೇಳಿದವಳು ಕೊನೆಗೆ ಏನೆಂದಳು ಗೊತ್ತೇ? "ಹೋಗೋಣ. ಆ ಕೈಗವಸು ಒಗೆದು ಇಸ್ತ್ರಿ ಮಾಡಿಡು."

ಸುಮಿ ಸತ್ತು ಮಣ್ಣಾಗಿದ್ದಾಳೆ. ಇನ್ನೂ ಅವಳ ಹೆದರಿಕೆಯೇ? ನನಗೆ ತಡೆಯಲಾಗಲಿಲ್ಲ. "ಕೈ ಸುಟ್ಟೋಳ ಕೈಗವಸು ಹಾಕ್ಕೊಂಡು ಅವಳ ಮಗನ ಪಕ್ಕ ಕೂರ್ತೀಯಾ? ಅಸಹ್ಯ ಆಗಲ್ವಾ ನಿಂಗೆ?" ಎಂದು ಅರಚಿದೆ. ಅವಳು ಟೀವಿಯ ದನಿ ಜೋರು ಮಾಡಿದಳು.

ಇಲ್ದಾ


ಓಯಿಜುಮಿ
6 ಜೂನ್ 1998

ಅಕ್ಕ,

ಕಳಿಸಬೇಡ. ಏನಾದರೂ ಮಾಡು, ಬಾಗಿಲಿಗೆ ಬೀಗ ಹಾಕು, ಅಜ್ಜಿಯನ್ನು ಆ ವೇದಿಕೆಗೆ ಕಳಿಸಬೇಡ.

ಫೋಟೊ ವಾಪಸು ಕೇಳಲು ಆ ಮನುಷ್ಯರ ಹತ್ತಿರ ಹೋಗಿದ್ದೆ. ಬಲಗೈಯ ವಿಷಯ ಎಲ್ಲ ಹೇಳಿದೆ. ತಲೆಯಾಡಿಸಿ ಕೇಳಿದರು. "ಪಾಪ, ದುಃಖದ ವಿಷಯ. ಆದರೆ ಪ್ರದರ್ಶನ ಸೌಂದರ್ಯದ ಕುರಿತಾದದ್ದು, ಯಾಬಿಕು ಅವರೇ. ಎಡಗೈ ಮಾತ್ರ ಸಾಕು" ಎಂದರು. ಮತ್ತೆ ಚಹಾ ಕೊಟ್ಟರು. ಕುಡಿದೆ. ಥೂ, ಕುಡಿದೆ.

ಅಪ್ಪ ಯಾಕೆ ಯಾವತ್ತೂ ಜಪಾನಿ ಪುಸ್ತಕ ಮುಟ್ಟುತ್ತಿರಲಿಲ್ಲ ಎಂದು ಈಗ ಗೊತ್ತಾಗುತ್ತಿದೆ.

ಈ ಕಾಗದ ಸಮಯಕ್ಕೆ ತಲುಪಲಿ.

ವಾಲ್ದೊ


ವಿಲಾ ಸುಕುರಿ
28 ಜೂನ್ 1998

ವಾಲ್ದೊ,

ನಿನ್ನ ಕಾಗದ ತಲುಪಿದ್ದು ಸೋಮವಾರ. ಸಮಾರಂಭ ಭಾನುವಾರವೇ ಮುಗಿದಿತ್ತು.

ನಾನು ಕರೆದುಕೊಂಡು ಹೋಗಲಿಲ್ಲ, ಅವಳೇ ನನ್ನನ್ನು ಕರೆದುಕೊಂಡು ಹೋದಳು. ಬೆಳಗ್ಗೆ ಎದ್ದು ನೋಡಿದರೆ ಕಪ್ಪು ಉಡುಪು ತೊಟ್ಟು ಬಾಗಿಲಲ್ಲಿ ಕೂತಿದ್ದಾಳೆ, ಕೈಗವಸು ಹಾಕಿಕೊಂಡು. ನಾನು ಇಸ್ತ್ರಿ ಮಾಡಿರಲಿಲ್ಲ, ಅವಳೇ ಮಾಡಿಕೊಂಡಿದ್ದಳು. "ನೀನು ಬರಲ್ಲ ಅಂದ್ರೆ ಬಿಡು, ಟ್ಯಾಕ್ಸಿ ಕರೀತೀನಿ" ಎಂದಳು.

ಭವನದ ತುಂಬ ಜನ. ಸ್ಕೆಚ್ ಪೆನ್ನಿನ ಕೈಗಳು ಕುಣಿದವು, ಬೆವರಿಗೆ ನೀಲಿ ಕರಗಿ ಮೊಣಕೈಗೆ ಇಳಿಯುತ್ತಿತ್ತು. ಆಮೇಲೆ ಭಾಷಣಗಳು. ತ್ಯಾಗ, ಬೆವರು, ಒಗ್ಗಟ್ಟು. ನಿನ್ನ ದೊಡ್ಡ ಮನುಷ್ಯರು ಮೊದಲ ಸಾಲಿನಲ್ಲೇ ಇದ್ದರು, ಕೊರಳಲ್ಲಿ ಕ್ಯಾಮೆರಾ.

ಅಜ್ಜಿಯನ್ನು ಮೈಕಿನ ಮುಂದೆ ಕೂರಿಸಿದರು. ತಕಾಮೊರಿ ಬಗ್ಗಿ, "ಅಜ್ಜಿ, ಈಗ ಕೈಗವಸು ತೆಗೀರಿ" ಎಂದ. ಅವಳು ಎಡಗೈಯದು ತೆಗೆದಳು. ಆಹಾ, ಏನು ಚಪ್ಪಾಳೆ! ಕ್ಯಾಮೆರಾಗಳು ಫಳಫಳ. "ಸಾಕು, ಸಾಕು" ಎಂದು ತಕಾಮೊರಿ ಪಿಸುಗುಟ್ಟಿದ. ಅವಳು ಬಲಗೈಯದನ್ನೂ ತೆಗೆದಳು. ಬಣ್ಣಗೆಟ್ಟ, ಸುಕ್ಕಿಹೋದ, ನೀಲಿ ಚೂರು ಚೂರಾಗಿ ಉಳಿದ ಆ ಕೈಯನ್ನು ಎಡಗೈಯ ಪಕ್ಕದಲ್ಲೇ ಮೇಜಿನ ಮೇಲೆ ಇಟ್ಟಳು. ಕ್ಯಾಮೆರಾಗಳು ಕೆಳಗಿಳಿದವು.

ಅವಳು ಕೈಗವಸನ್ನು ನೀಟಾಗಿ ಮಡಿಸಿದಳು. ತಕಾಮೊರಿಯ ಕೈಗೆ ಕೊಟ್ಟು, ಎಲ್ಲರಿಗೂ ತಿಳಿಯಲಿ ಎಂದು ತನ್ನ ಸಂತೆಯ ಪೋರ್ಚುಗೀಸಿನಲ್ಲೇ ಹೇಳಿದಳು: "ನಿಮ್ಮಮ್ಮಂದು. ತಗೊಳ್ಳಿ. ಒಗೆದು ಇಸ್ತ್ರಿ ಮಾಡಿದ್ದೀನಿ."

ಆತನಿಗೆ ಏನೂ ಗೊತ್ತಿರಲಿಲ್ಲ, ವಾಲ್ದೊ. ಆದರೂ ಒಂದು ಕ್ಷಣ ತಡವರಿಸಲಿಲ್ಲ. ಸೊಂಟ ಬಗ್ಗಿಸಿ ನಮಸ್ಕರಿಸಿ, "ನೋಡಿದ್ರಾ! ನಮ್ಮ ತಾಯಿ ಮತ್ತು ಈ ಅಜ್ಜಿಯ ಸ್ನೇಹದ ಗುರುತು! ಇದನ್ನ ಗಾಜಿನ ಪೆಟ್ಟಿಗೇಲಿಟ್ಟು ಕಾಪಾಡ್ತೀವಿ" ಎಂದ. ಮತ್ತೆ ಚಪ್ಪಾಳೆ. ಇಷ್ಟು ಹೇಸಿಗೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ನುಂಗಿಬಿಟ್ಟರು, ಅದನ್ನೂ ನುಂಗಿಬಿಟ್ಟರು ಎಂದುಕೊಂಡೆ.

ಅಜ್ಜಿ ಚಪ್ಪಾಳೆ ನಿಲ್ಲುವವರೆಗೆ ಕಾದಳು. "ಇಡಿ, ಇಡಿ. ಪಕ್ಕದಲ್ಲಿ ಆ ಬೇಸಿನ್ನೂ ಇಡಿ" ಎಂದಳು.

"ಯಾವ ಬೇಸಿನ್ನು ಅಜ್ಜಿ?"

"ಕೆಂಪು ಹೂವಿಂದು. ನಿಮ್ಮಮ್ಮ ಕಾಸ್ಟಿಕ್ ಸೋಡಾ ಕಲಸಿ ನನ್ನ ಈ ಕೈ ಅದ್ದಿದ್ದು. ನನ್ನ ಮಗನ್ನ ಸ್ಕೂಲಿಗೆ ಸೇರಿಸ್ಕೊಳ್ಳೋಕೆ ಮುಂಚೆ. ಅಡಿಗೆಮನೇಲೇ ಇರ್ಬೇಕು. ಇಲ್ದಾ, ನೋಡು."

ನಾನು ಓಡಿದೆ. ಅಡಿಗೆಮನೆಯಲ್ಲಿ ಆ ಬೇಸಿನ್ನಿನ ತುಂಬ ಮಧ್ಯಾಹ್ನದ ಊಟಕ್ಕೆ ಸೌತೆಕಾಯಿ ಹೆಚ್ಚಿಟ್ಟಿದ್ದರು. "ಇಲ್ದಾ, ಅದು ಕಾನ್ಸುಲ್ ಸಾಹೇಬ್ರಿಗೆ!" ಎಂದು ಒಬ್ಬಳು ಕೂಗಿದಳು. "ಸಾಹೇಬ್ರಿಗೇ ತಗೊಂಡ್ಹೋಗ್ತಿದೀನಿ" ಎಂದು ಹಾಗೇ ಎತ್ತಿಕೊಂಡು ಬಂದು ವೇದಿಕೆಯ ಮೇಜಿನ ಮೇಲೆ, ಕಾನ್ಸುಲರ ಮುಂದೆಯೇ ಇಟ್ಟೆ. ಅವರು ಕುರ್ಚಿ ಹಿಂದಕ್ಕೆ ಸರಿಸಿದರು.

"ನಮ್ಮಮ್ಮ ಅಂಥೋರಲ್ಲ" ಎಂದ ತಕಾಮೊರಿ. ದನಿ ಹುಡುಗನದಾಗಿತ್ತು. ಕೈಗವಸನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದ.

"ನಿಮ್ಮಮ್ಮ ಒಳ್ಳೇವ್ರೇ" ಎಂದಳು ಅಜ್ಜಿ. "ಮಾರನೇ ದಿನ ಕೈಗವಸು ತಂದ್ಕೊಟ್ರಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಡಿ, ಹಸಿವಾಗ್ತಿದೆ. ಇಲ್ಲಿ ಬೇಡ" ಎಂದಳು.

ನಾನು ಅವಳ ಮೇಲೆ ಅರಚಿದ್ದೆನಲ್ಲ, ನನ್ನ ಬಾಯಿಗೆ ಬೆಂಕಿ ಬೀಳ. ಅಂದು ಅಲ್ಲಿ ಯಾರೂ ಊಟ ಮಾಡಲಿಲ್ಲ ಎಂದು ಆಮೇಲೆ ಕೇಳಿದೆ. ತಕಾಮೊರಿ ಮನೆಯಿಂದ ಹೊರಗೆ ಬರುತ್ತಿಲ್ಲವಂತೆ. ಅವನ ಹೆಂಡತಿ ಮಾತ್ರ "ಹಳೇದೆಲ್ಲ ಯಾಕೆ ಕೆದಕ್ಬೇಕಿತ್ತು?" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ. ತಿರುಗಲಿ.

ನಿನ್ನೆ ಸಂತೆ. ಸಂಜೆ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಬ್ರೆಜಿಲ್ ಪಂದ್ಯವಿತ್ತಾದ್ದರಿಂದ ಜನವೋ ಜನ. ಅಜ್ಜಿ ತಾನೂ ಬರುತ್ತೇನೆಂದು ಹಟ ಹಿಡಿದು ಬಂದು, ಎಲ್ಲರೆದುರು ಬರಿಗೈಯಲ್ಲಿ ಕೂತು ಪಾಸ್ತೆಲ್‌ನ ಅಂಚು ಒತ್ತಿದಳು. ಆಟ ನೋಡಲು ಬಂದವರ ಫೋಟೊ ತೆಗೆಯುವ ಒಬ್ಬ ತಿರುಗುತ್ತಿದ್ದ, ನಿಂತಲ್ಲೇ ಚಿತ್ರ ಬರುವ ಕ್ಯಾಮೆರಾದವನು. ಅವನನ್ನು ಕರೆದು ಬಲಗೈ ಚಾಚಿದಳು. "ಇದೊಂದೇ ತೆಗಿ. ಮುಖ ಬೇಡ" ಎಂದಳು.

ಆ ಫೋಟೊ ಇದರ ಜೊತೆಗಿದೆ. ನಿನ್ನ ದೊಡ್ಡ ಮನುಷ್ಯರ ಮನೆಗೆ ತೆಗೆದುಕೊಂಡು ಹೋಗಿ ಕೊಡು. ಚಹಾ ಕುಡಿಯಬೇಡ. ಅಜ್ಜಿ ಹೇಳಿಕಳಿಸಿರುವುದು ಇಷ್ಟು: "ಎಡಗೈ ಅವರ ಹತ್ರ ಇದೆಯಲ್ಲ. ಜೋಡಿ ಮಾಡ್ಕೊಳ್ಲಿ."

ಇಲ್ದಾ